ಬಾಗದ ಕೀಲು

“ಮುಟ್ಬೇಡಿ ಮಂಜುನಾಥಪ್ಪನೋರೇ. ಸುಣ್ಣ ಇನ್ನೂ ಹಸಿ ಇದೆ.”

ಹೊಳೆ ದಾಟಿಸುವ ಕಡವಿನ ಗುತ್ತಿಗೆದಾರ ಮಂಜುನಾಥಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹೊಸನಗರ ಠಾಣೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ದಫೇದಾರ್ ಗೋಪಾಲಪ್ಪ ಮೂರು ಕೀಲುಗಳನ್ನು ಸಾಲಾಗಿ ಇಟ್ಟಿದ್ದ. ಮೂರೂ ಹೆಬ್ಬೆರಳು ಗಾತ್ರದವು. ಒಂದು ಬಿಲ್ಲಿನಂತೆ ಬಾಗಿತ್ತು. ಇನ್ನೊಂದು ಮುರಿದು ಎರಡು ತುಂಡಾಗಿತ್ತು. ಮೂರನೆಯದು ಮಾತ್ರ ನೆಟ್ಟಗೆ, ಯಾವ ಊನವೂ ಇಲ್ಲದೆ, ಮೈತುಂಬ ಸುಣ್ಣ ಬಳಿಸಿಕೊಂಡು ಮಲಗಿತ್ತು.

“ಇದೆಂಥ ಕೆಲ್ಸ ದಫೇದಾರ್ರೇ? ಕಬ್ಬಿಣಕ್ಕೆ ಸುಣ್ಣ ಹೊಡ್ಯೋದು ನಾನು ಕಂಡಿಲ್ಲ. ಗೋಡೆ ಆಗಿದ್ರೆ ಸರಿ.”

“ಒಣಗ್ಲಿ, ಹೇಳ್ತೀನಿ.”

ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ತೀರ್ಥಹಳ್ಳಿಗೆ ಹೋಗಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಐದೂವರೆಗೆ ಬರುವವರಿದ್ದರು. ಬಂದ ಕೂಡಲೇ ಕಮ್ಮಾರ ಹೂವಯ್ಯನನ್ನು ಶಿವಮೊಗ್ಗಕ್ಕೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಆಮೇಲೆ ಗೋಪಾಲಪ್ಪ ಸುಣ್ಣ ಬಳಿದರೂ ಅಷ್ಟೇ, ಅರಿಶಿನ ಬಳಿದರೂ ಅಷ್ಟೇ.

ನಾಲ್ಕು ದಿನದ ಹಿಂದೆ ಬಿದಿರಕಡವಿನ ದೋಣಿ ನಡುಹೊಳೆಯಲ್ಲಿ ಕೀಲು ಮುರಿದು ತಿರುಗಿ, ದೋಣಿ ನಡೆಸುವ ಬೆಳ್ಳಪ್ಪ ನೀರುಪಾಲಾಗಿದ್ದ. ಮುರಿದ ಕೀಲಿನ ತಲೆಯ ಮೇಲೆ ಹೂವಯ್ಯನ ಅರ್ಧಚಂದ್ರದ ಮುದ್ರೆ ಇತ್ತು. ಮಂಜುನಾಥಪ್ಪನ ದೂರಿನ ಮೇಲೆ ಅವನನ್ನು ಹಿಡಿದು ತಂದಿದ್ದರು.

ಆ ಕಡವಿನ ದೋಣಿ ಸಾಮಾನ್ಯದ್ದಲ್ಲ. ಎರಡು ದೊಡ್ಡ ದೋಣಿಗೆ ಹಲಗೆ ಜೋಡಿಸಿ ಮಾಡಿದ ಜೋಡಿದೋಣಿ. ಬಸ್ಸು ಸಹ ಹತ್ತಿ ದಾಟುತ್ತದೆ. ದಡದಿಂದ ದಡಕ್ಕೆ ಬಿಗಿದ ಉಕ್ಕಿನ ಹಗ್ಗದ ಮೇಲೆ ಎರಡು ರಾಟೆ ಓಡುತ್ತವೆ, ಮುಂದೊಂದು, ಹಿಂದೊಂದು. ರಾಟೆಗೂ ದೋಣಿಯ ಸರಪಳಿಗೂ ನಡುವೆ ಒಂದೊಂದು ಕೀಲು. ಮಳೆಗಾಲ ಮುಗಿದು ತುಂಬಿ ನಿಂತ ಹೊಳೆಯ ಸೆಳವೆಲ್ಲ ಜಗ್ಗುವುದು ಆ ಎರಡು ಕೀಲುಗಳನ್ನೇ.

ಲಾಕಪ್ಪಿನ ಕಂಬಿಯ ಹಿಂದೆ ಹೂವಯ್ಯ ಗೋಡೆಗೆ ಒರಗಿ ಕೂತಿದ್ದ. ಮುರಿದ ಕೀಲನ್ನು ಮೊದಲ ಸಲ ತೋರಿಸಿದಾಗ ಅದರ ಮುದ್ರೆಯನ್ನು ಬೆರಳಿಂದ ಸವರಿ ನೋಡಿದವನು, ಆಮೇಲೆ ಮೂರು ದಿನ ಬಾಯಿ ಬಿಟ್ಟಿರಲಿಲ್ಲ. ಇದೇ ಗೋಪಾಲಪ್ಪನಿಗೆ ಉರಿ ಹತ್ತಿಸಿದ್ದು. ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು ಇಬ್ಬರೂ. ‘ನಾನಲ್ಲ’ ಎಂಬ ಮೂರಕ್ಷರಕ್ಕೆ ಏನು ಖರ್ಚು?

“ಮಂಜುನಾಥಪ್ಪನೋರೇ, ಇನ್ನೊಂದ್ಸಲ ಹೇಳಿ. ಹೂವಯ್ಯನ ಹತ್ರ ಎಷ್ಟು ಕೀಲು ಮಾಡ್ಸಿದ್ರಿ?”

“ಎಷ್ಟು ಸಲ ಹೇಳೋದು ಮಾರಾಯ್ರೇ. ಎರಡೇ. ಒಂದು ಮುರೀತು, ಒಂದು ಉಳೀತು. ಎರಡೂ ಇಲ್ಲೇ ಉಂಟಲ್ಲ.”

“ಮತ್ತೆ ಈ ಬಾಗಿದ್ದು? ಕಡವಿನ ಗುಡಿಸ್ಲ ಹಿಂದೆ ಯಾರೋ ಮೇಕೆ ಕಟ್ಟೋಕೆ ಗೂಟ ಮಾಡಿ ಹೊಡ್ದಿದ್ರು. ಇದರ ಮೇಲೂ ಅರ್ಧಚಂದ್ರ ಇದೆ.”

“ನಾನದನ್ನ ಕಂಡೇ ಇಲ್ಲ. ಅಂಥ ಡೊಂಕು ಕಬ್ಬಿಣ ಊರಲ್ಲಿ ಎಷ್ಟೋ ಬಿದ್ದಿರ್ತದೆ.”

ಮಂಜುನಾಥಪ್ಪ ಕೆಟ್ಟವನೆಂದು ಯಾರೂ ಹೇಳುತ್ತಿರಲಿಲ್ಲ. ಅಪ್ಪನ ಕಾಲಕ್ಕೆ ಗೇಣಿ ಮಾಡುತ್ತಿದ್ದ ಮನೆ. ಇವನ ಕಾಲಕ್ಕೆ ಸ್ವಂತ ಗದ್ದೆ, ಕಡವಿನ ಗುತ್ತಿಗೆ, ಬಾಗಿಲಲ್ಲಿ ಹಸಿರು ಜೀಪು. ತನ್ನ ಕಣ್ಣಳತೆಯ ಮೇಲೆ ಅವನಿಗೆ ಅಪಾರ ನಂಬಿಕೆ. ಎತ್ತು ಕೊಳ್ಳುವವರು, ಕತ್ತಿ ಕೊಳ್ಳುವವರು, ಮನೆಗೆ ಮರ ಕೊಳ್ಳುವವರು ಎಲ್ಲ ಇವನನ್ನು ಕರೆದುಕೊಂಡು ಹೋಗುತ್ತಿದ್ದರು. ಗೋಪಾಲಪ್ಪ ಆ ನಂಬಿಕೆಯನ್ನೇ ಕೆರೆಯಲು ನಿಶ್ಚಯಿಸಿದ್ದ.

ಅವನು ಗೋಡೆಗೆ ಒರಗಿಸಿದ್ದ ಒಂದು ಸೊಪ್ಪಿನ ಕತ್ತಿ ತೆಗೆದು ಮೇಜಿನ ಮೇಲಿಟ್ಟ.

“ನಂಗೊಂದು ಅನುಮಾನ. ಕಬ್ಬಿಣ ಒಳ್ಳೇದೋ ಅಲ್ವೋ ಅಂತ ನೀವು ಹೇಗೆ ನೋಡ್ತೀರಿ? ಸಾಗರದ ಸಂತೆಲಿ ನಿಮ್ಮನ್ನ ಕೇಳ್ದೆ ಯಾರೂ ಕತ್ತಿ ಕೊಳ್ಳಲ್ಲವಂತೆ.”

ಮಂಜುನಾಥಪ್ಪನ ಮುಖ ಅರಳಿತು. “ಅದ್ರಲ್ಲೆಂಥ ವಿದ್ಯೆ? ಒಂದು ಕತ್ತಿ ತಗೊಂಡು ಇನ್ನೊಂದಕ್ಕೆ ಹೊಡ್ಯೋದು. ಯಾವ್ದಕ್ಕೆ ಗಾಯ ಆಗ್ತದೋ ಅದು ಬೇಡ. ನಮ್ಮಜ್ಜನ ಕಾಲದಿಂದ್ಲೂ ಇಷ್ಟೇ.”

“ಹೊಡ್ದು ತೋರ್ಸಿ.”

ಅವನು ಕತ್ತಿ ಎತ್ತಿ ಮೊದಲು ಬಾಗಿದ ಕೀಲಿಗೆ ಕೊಟ್ಟ. ಅಂಚು ಕಬ್ಬಿಣದೊಳಕ್ಕೆ ಇಳಿದು ಆಳವಾದ ಕಚ್ಚು ಬಿತ್ತು. ಆಮೇಲೆ ಮುರಿದ ತುಂಡಿಗೆ ಕೊಟ್ಟ. ಠಣ್ಣೆಂದು ಕತ್ತಿ ಜಾರಿತು. ಕೀಲಿಗೆ ಏನೂ ಆಗಲಿಲ್ಲ, ಕತ್ತಿಯ ಅಂಚೇ ಒಂದು ಕಾಳಿನಷ್ಟು ಸಿಡಿದು ಹೋಯಿತು.

“ನೋಡಿದ್ರಾ? ಇದು ಕಬ್ಬಿಣ ಅಂದ್ರೆ. ಅದು ಬರೀ ಬೆಣ್ಣೆ. ಅದಕ್ಕೇ ಬೆಳ್ಳಪ್ಪನ ಮುಖಕ್ಕೆ ಬಿಸಾಡಿದ್ದು ನಾನು.”

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಮುಕುಂದಯ್ಯ ಕೆಮ್ಮಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಂಜುನಾಥಪ್ಪ ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟ.

“ಕಂಡೇ ಇಲ್ಲ ಅಂದ್ರಿ,” ಎಂದ ಗೋಪಾಲಪ್ಪ.

“ಕಂಡಿದ್ದೆ. ಎಂತ ಈಗ?” ಅವನ ದನಿ ಏರಿತು. “ಹೂವಯ್ಯ ಮೊದ್ಲು ಕೊಟ್ಟ ಜೋಡಿ ಅದು. ಒಂದು ಮಳೆಗಾಲ ತಡೀಲಿಲ್ಲ, ಬಾಗಿ ಕೂತ್ಕೊಂಡ್ತು. ಬಸ್ಸು ದಾಟ್ಸೋ ದೋಣಿಗೆ ಬಾಗೋ ಕೀಲು ಹಾಕ್ತಾರಾ? ಗಟ್ಟಿ ಇರೋದು ತಂದ್ರೆ ಸರಿ, ಇಲ್ದಿದ್ರೆ ಬೇರೆಯವನ್ನ ಇಟ್ಕೊಳ್ತೀನಿ ಅಂತ ಬೆಳ್ಳಪ್ಪಂಗೆ ಹೇಳ್ದೆ. ತಂದ. ಎಲ್ಲಿಂದ ತಂದ್ನೋ, ಎಂಥ ಮಾಡ್ಸಿದ್ನೋ, ಅವನೇ ಹೇಳ್ಬೇಕು. ಅವನೀಗಿಲ್ಲ.”

“ಅದು ಸರಿ. ಅವನೀಗಿಲ್ಲ.”

ಗೋಪಾಲಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಕೈ ಮಾತ್ರ ನಿಧಾನವಾಗಿ ಒಂದು ಸಣ್ಣ ಮರದ ಕೊಡತಿಯನ್ನು ಎತ್ತಿಕೊಂಡಿತು. ಸುಣ್ಣ ಒಣಗಿ ಬೆಳ್ಳಗಾಗಿತ್ತು. ಪೊಲೀಸು ಸೇರುವ ಮೊದಲು ಅವನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಆರು ವರ್ಷ ಗಾಲಿ, ಅಚ್ಚು ತೊಳೆದವನು. ಅಲ್ಲಿನ ಮುದಿ ಮೇಸ್ತ್ರಿ ಪ್ರತಿ ಲೋಹಕ್ಕೂ ಒಂದು ಜಾತಕ ಇದೆ ಎನ್ನುತ್ತಿದ್ದ. ಬೀಡು ಕಬ್ಬಿಣ ಎಷ್ಟು ಭಾರವನ್ನಾದರೂ ಹೊರುತ್ತದೆ, ಎಳೆದರೆ ಬಿರಿಯುತ್ತದೆ. ಹಿತ್ತಾಳೆ ತಿಕ್ಕಾಟ ತಡೆಯುತ್ತದೆ, ಹಾಗಾಗಿ ರಾಟೆಯ ಒಳಗೆ ಅದು. ಯಾವುದನ್ನು ಯಾವ ಕೆಲಸಕ್ಕೆ ಕೂರಿಸಬೇಕೆಂದು ತಿಳಿಯದವನು ಜನರನ್ನು ಕೊಲ್ಲುತ್ತಾನೆ ಎಂದೂ ಹೇಳುತ್ತಿದ್ದ.

“ಈ ನೆಟ್ಟಗಿನ ಕೀಲು ಮುರಿದದ್ದರ ಜೋಡಿ. ಹಿಂದಿನ ರಾಟೆಲಿತ್ತು. ನಿನ್ನೆ ಬೆಳಿಗ್ಗೆಯಿಂದ ಸೀಮೆಎಣ್ಣೆಲಿ ಮುಳ್ಗಿಸಿ ಇಟ್ಟಿದ್ದೆ, ಅದಕ್ಕಿಷ್ಟು ಕರೀ ಇಂಜಿನ್ ಎಣ್ಣೆ ಬೆರ್ಸಿ. ತೆಗ್ದು, ಒರ್ಸಿ, ಸುಣ್ಣ ಬಳ್ದೆ. ಈಗ ನೋಡಿ.”

ಅವನು ಕೊಡತಿಯಿಂದ ಕೀಲಿನ ತಲೆಗೆ ಮೆಲ್ಲಗೆ ತಟ್ಟಿದ. ಒಂದು, ಎರಡು, ಮೂರು. ಏನೂ ಆಗಲಿಲ್ಲ. ಮಂಜುನಾಥಪ್ಪನ ತುಟಿಯ ಮೇಲೆ ಒಂದು ಸಣ್ಣ ನಗೆ ಬಂತು. ಇದು ತಪ್ಪಿದರೆ ಗೋಪಾಲಪ್ಪನ ಬಳಿ ಬೇರೇನೂ ಇರಲಿಲ್ಲ.

ಮತ್ತೆ ತಟ್ಟಿದ.

ತಲೆಯ ಕೆಳಗೆ, ಕತ್ತಿನ ಜಾಗದಲ್ಲಿ, ಬಿಳಿ ಸುಣ್ಣದ ಮೇಲೆ ಕೂದಲಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಮೂಡಿತು. ನೋಡುತ್ತಿದ್ದಂತೆ ಅದು ಬಲಕ್ಕೆ ಹರಿಯಿತು, ಎಡಕ್ಕೆ ಹರಿಯಿತು, ಕೀಲಿನ ಕತ್ತನ್ನು ಅರ್ಧ ಸುತ್ತಿ ನಿಂತಿತು. ಯಾರೂ ಅದನ್ನು ಮುಟ್ಟಿರಲಿಲ್ಲ.

“ಎಂಥದದು?” ಎಂದ ಮಂಜುನಾಥಪ್ಪ.

“ಬಿರುಕು. ಕಣ್ಣಿಗೆ ಕಾಣಲ್ಲ. ಎಣ್ಣೆ ಒಳಗೆ ಹೋಗಿ ಕೂತಿತ್ತು, ಸುಣ್ಣ ಅದನ್ನ ಹೀರಿ ತೋರಿಸ್ತು. ಈಗ ಮುರಿದದ್ದರ ಬಾಯಿ ನೋಡಿ. ಇಷ್ಟುದ್ದ ತುಕ್ಕು ಹಿಡ್ದು ಕಪ್ಪಾಗಿದೆ. ಉಳಿದದ್ದು ಸಕ್ಕರೆ ಹರಳಿನ ಥರ ಬೆಳ್ಳಗೆ ಮಿಂಚ್ತದೆ. ಅಂದ್ರೆ ಬಿರುಕು ಮೊದ್ಲೇ ಇತ್ತು. ಬೆಳ್ಳಪ್ಪ ಸತ್ತ ದಿನ ಮಿಕ್ಕದ್ದು ಒಂದೇ ಜಗ್ಗಿಗೆ ಹೋಯ್ತು.”

“ಅಷ್ಟು ಗಟ್ಟಿ ಕಬ್ಬಿಣ ಬಿರೀತದಾ? ಕತ್ತಿಯನ್ನೇ ಮುಕ್ಕು ಮಾಡ್ತು.”

“ಗಾಜೂ ಗಟ್ಟಿ, ಬಿದಿರೂ ಗಟ್ಟಿ. ದೋಣಿ ಕಟ್ಟೋಕೆ ನೀವು ಯಾವ್ದನ್ನ ತಗೊಳ್ತೀರಿ?” ಗೋಪಾಲಪ್ಪ ಬಾಗಿದ ಕೀಲನ್ನು ಎತ್ತಿ ಅವನ ಕಣ್ಣಮುಂದೆ ಹಿಡಿದ. “ಇದು ಮೆದು ಕಬ್ಬಿಣ. ಹೂವಯ್ಯ ಬೇಕಂತ್ಲೇ ಮೆದುವಿನಲ್ಲಿ ಮಾಡಿದ್ದು. ಭಾರ ಜಾಸ್ತಿ ಆದ್ರೆ ಬಾಗ್ತದೆ. ಬಾಗಿ, ಸ್ವಾಮಿ ನನ್ನ ಬದಲಾಯ್ಸಿ ಅಂತ ನಿಮಗೆ ಹೇಳ್ತದೆ. ದೋಣಿಯನ್ನ ಬಿಡಲ್ಲ. ನಿಮ್ಮ ಗಟ್ಟಿ ಕೀಲು ಕೊನೇ ಗಳಿಗೆ ತನಕ ನೆಟ್ಟಗೇ ಇರ್ತದೆ, ಆಮೇಲೆ ಹೇಳ್ದೆ ಕೇಳ್ದೆ ಹೋಗ್ತದೆ. ಕತ್ತಿ ಕೊಳ್ಳೋ ಹಾಗೆ ಕೀಲು ಕೊಂಡ್ರಿ ನೀವು.”

ಮಂಜುನಾಥಪ್ಪ ಬಗ್ಗಿ ಆ ಗೆರೆಯನ್ನು ಹತ್ತಿರದಿಂದ ನೋಡಿದ. ಅಜ್ಜನ ಕಾಲದ ವಿದ್ಯೆ ಅಲ್ಲಿ ಮೇಜಿನ ಮೇಲೆ ಬಿರುಕು ಬಿಟ್ಟು ಬಿದ್ದಿತ್ತು. ಆದರೆ ಗುತ್ತಿಗೆದಾರ ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿ ಅಲ್ಲ. ಅವನು ತಲೆ ಎತ್ತಿದಾಗ ಕಣ್ಣಲ್ಲಿ ಬೇರೆಯೇ ಒಂದು ಹೊಳಪು ಇತ್ತು.

“ಇರ್ಲಿ. ನಾನು ಗಟ್ಟಿ ಕೇಳಿದ್ದು ತಪ್ಪು ಅಂತಿಟ್ಕೊಳ್ಳಿ. ನಾನು ಗದ್ದೆ ಮಾಡೋನು, ನಂಗೇನ್ ಗೊತ್ತು. ಆದ್ರೆ ಮಾಡಿ ಕೊಟ್ಟೋನಿಗೆ ಗೊತ್ತಿರ್ಬೇಕಲ್ಲ?” ಅವನು ಬೆರಳು ಮುಂದೆ ಚಾಚಿ ಅರ್ಧಚಂದ್ರವನ್ನು ತೋರಿಸಿದ. “ಮುದ್ರೆ ಯಾರದ್ದು ದಫೇದಾರ್ರೇ? ನಂದಲ್ಲ.”

ಈ ಪ್ರಶ್ನೆ ಬರುತ್ತದೆಂದು ಗೋಪಾಲಪ್ಪನಿಗೆ ಗೊತ್ತಿತ್ತು. ಉತ್ತರವೂ ಗೊತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳಲು ಎರಡು ದಿನದಿಂದ ಹೆದರುತ್ತಿದ್ದ.

ಕಮ್ಮಾರರು ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಹದ ಕೊಡುವುದು ಎಂದರೆ ಅದೇ. ಹದ ಕೊಟ್ಟ ಮೇಲೆ ಉಕ್ಕು ಎಷ್ಟು ಬಿಗಿಯುತ್ತದೆಂದರೆ ಅದರ ಮೇಲೆ ಯಾವ ಮುದ್ರೆಯೂ ಕೂರುವುದಿಲ್ಲ, ಮುದ್ರೆಯ ಉಳಿಯೇ ಸಿಡಿಯುತ್ತದೆ. ಈ ಅರ್ಧಚಂದ್ರವೋ, ಬೆಣ್ಣೆಯಲ್ಲಿ ಉಗುರು ಒತ್ತಿದಂತೆ ಆಳವಾಗಿ, ಅಂಚು ನುಣ್ಣಗೆ ಇಳಿದಿತ್ತು. ಕೀಲು ಕುಲುಮೆಯಿಂದ ಕೆಂಪಗೆ ಹೊರಬಂದಾಗಲೇ ಒತ್ತಿದ್ದು. ಅಂದರೆ ಮಾಡಿದವರ ಕೈಯಲ್ಲೇ ಮುದ್ರೆಯ ಉಳಿ ಇತ್ತು. ಹೂವಯ್ಯನ ಮನೆಯ ಉಳಿ ಆ ಮನೆಯ ಹೊಸ್ತಿಲು ದಾಟಿದ್ದನ್ನು ಊರು ಕಂಡಿರಲಿಲ್ಲ.

“ನಾನೇ ಮಾಡಿದ್ದು.”

ಮೂರು ದಿನದ ಮೌನ ಒಡೆದು ಬಂದ ದನಿ ಒರಟಾಗಿತ್ತು. ಹೂವಯ್ಯ ಎದ್ದು ಬಂದು ಕಂಬಿ ಹಿಡಿದು ನಿಂತಿದ್ದ.

“ಬರ್ಕೋ ಗೋಪಾಲಪ್ಪ. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯ್ಸಿ, ಬಡ್ದು, ದುಂಡು ಮಾಡಿ, ಹದ ಕೊಟ್ಟೆ. ಬೆಳ್ಳಪ್ಪ ಕೇಳ್ದ, ಕೊಟ್ಟೆ. ತಪ್ಪು ನಂದು.”

ಮಂಜುನಾಥಪ್ಪ ಕುರ್ಚಿಗೆ ಒರಗಿದ. “ಆಯ್ತಲ್ಲ. ಇನ್ನೆಂತ?”

“ಬೆಳ್ಳಪ್ಪ ಯಾವಾಗ ತಗೊಂಡ?” ಗೋಪಾಲಪ್ಪ ಹೂವಯ್ಯನತ್ತ ತಿರುಗಿಯೂ ನೋಡದೆ ಕೇಳಿದ.

“ಹೋದ ತಿಂಗ್ಳು. ಕೊನೇ ವಾರ.”

“ಕೊನೇ ವಾರ ಪೂರ್ತಿ ನೀನು ಹುಂಚದಲ್ಲಿದ್ದೆ. ಅಕ್ಕಿ ಗಿರಣಿ ಕೆಲ್ಸಕ್ಕೆ ಹೋಗಿದ್ದೆ. ಗಿರಣಿಯವ್ರನ್ನ ನಾನು ಮೊನ್ನೆ ಹೋಗಿ ಕೇಳ್ಕೊಂಡು ಬಂದೆ.”

ಕಂಬಿಯ ಮೇಲಿದ್ದ ಕೈಗಳು ಬಿಗಿಯಾದವು. “ನಡುವೆ ಒಂದಿನ ಬಂದಿದ್ದೆ.”

“ಸುಳ್ಳು ಹೇಳೋಕೆ ಬರಲ್ಲ ನಿಂಗೆ. ಶಾಲೆಲೂ ಬರ್ತಿರ್ಲಿಲ್ಲ.”

“ಗೋಪಾಲಪ್ಪ, ಕೈ ಮುಗೀತೀನಿ ಮಾರಾಯ. ಇಲ್ಲಿಗೆ ಬಿಡು.”

ಆ ಮಾತಿನಲ್ಲಿ ಎಲ್ಲವೂ ಇತ್ತು. ಗೋಪಾಲಪ್ಪನಿಗೆ ತನ್ನ ಜಾಣತನದ ಮೇಲೆ ಅಸಹ್ಯ ಹುಟ್ಟಿತು. ಗೆಳೆಯನನ್ನು ಬಿಡಿಸಲು ಹೊರಟವನು ಗೆಳೆಯ ಜೀವ ಒತ್ತೆಯಿಟ್ಟು ಮುಚ್ಚಿಟ್ಟಿದ್ದನ್ನೇ ಕೆದಕಿ ತೆಗೆದಿದ್ದ.

ಬಾಗಿಲ ಬಳಿ ಬಳೆ ಸದ್ದಾಯಿತು. ಬೆಳಗಿನಿಂದ ಗಂಡನ ಊಟದ ಬುತ್ತಿ ಹಿಡಿದು ಜಗಲಿಯಲ್ಲಿ ಕೂತಿದ್ದ ಕನ್ನಮ್ಮ, ಮುಕುಂದಯ್ಯ ತಡೆಯುವ ಮೊದಲೇ ಒಳಗೆ ಬಂದು ನಿಂತಳು. ಬಲಗೈಯ ಬೆರಳುಗಳ ಮೇಲೆ ಕಿಡಿ ಹಾರಿದ ಸಣ್ಣ ಸುಟ್ಟ ಗುರುತುಗಳಿದ್ದವು.

“ದಫೇದಾರಣ್ಣ, ಇವ್ರಿಗೆ ಗೊತ್ತಿಲ್ಲ. ಮಾಡಿದ್ದು ನಾನು.”

“ಏ, ಒಳಗ್ಯಾಕೆ ಬಂದೆ? ಹೋಗು ಆಚೆ,” ಎಂದ ಹೂವಯ್ಯ.

“ಹೋಗಲ್ಲ. ಹದಿನೆಂಟು ವರ್ಷ ತಿದಿ ಒತ್ತಿದೀನಿ, ಸುತ್ತಿಗೆ ಹೊಡ್ದಿದೀನಿ. ನೀವಿಲ್ದಾಗ ಕತ್ತಿ ಕುಡುಗೋಲು ಮಾಡಿ ಮನೆ ನಡ್ಸಿದೀನಿ. ಬೆಳ್ಳಪ್ಪ ಬಂದು ಪಟ್ಟಿ ಕೊಟ್ಟು ಅತ್ಕೊಂಡ. ಕೆಲ್ಸ ಹೋಗ್ತದೆ ಅಕ್ಕ, ಗಟ್ಟಿ ಮಾಡ್ಕೊಡು ಅಂದ. ಕತ್ತಿಗೆ ಹೇಗೋ ಹಾಗೇ ಹದ ಕೊಟ್ಟೆ. ಗಟ್ಟಿ ಬರ್ಲಿ, ಅವನ ಕೆಲ್ಸ ಉಳೀಲಿ ಅಂತ್ಲೇ ಕೊಟ್ಟೆ.”

ಅವಳು ಅಳುತ್ತಿರಲಿಲ್ಲ. ಅದೇ ನೋಡಲು ಕಷ್ಟವಾಗಿತ್ತು.

“ಮುರಿದದ್ದು ನಿಂದೇ ಅಂತ ಗೊತ್ತಿದ್ರೂ ಇಷ್ಟು ದಿನ ಯಾಕೆ ಬರ್ಲಿಲ್ಲ ಕನ್ನಮ್ಮ?”

“ಎಲ್ಲಿ ಗೊತ್ತಿತ್ತು ಅಣ್ಣ? ಮುರಿದದ್ದು ನನ್ನ ಗಂಡ ಮಾಡಿದ ಮೆತ್ತಗಿನ ಕೀಲು ಅಂದ್ರು. ನಿನ್ನ ಕೀಲು ಬೆಳ್ಳಪ್ಪ ಇನ್ನೂ ಹಾಕೇ ಇರ್ಲಿಲ್ಲ ಅಂದ್ರು. ಜಗಲಿಲಿ ಕೂತು ಈಗ ಕೇಳಿಸ್ಕೊಂಡೆ.” ಅವಳು ಮಂಜುನಾಥಪ್ಪನ ಕಡೆ ಬೆರಳು ತೋರಿಸಲಿಲ್ಲ, ಅವನನ್ನು ನೇರವಾಗಿ ನೋಡಿದಳು. “ಇವ್ರೇ ಹೇಳಿದ್ದು. ಮೊನ್ನೆ ಮನೆಗೆ ಬಂದು.”

“ಮನೆಗೆ ಯಾಕೆ ಹೋಗಿದ್ರಿ?” ಗೋಪಾಲಪ್ಪ ಗುತ್ತಿಗೆದಾರನನ್ನು ಕೇಳಿದ.

ಉತ್ತರ ಕೊಟ್ಟದ್ದು ಕನ್ನಮ್ಮ. “ಇನ್ನೆರಡು ಕೀಲು ಮಾಡ್ಕೊಡು, ದೋಣಿ ನಿಂತಿದೆ, ಮಾಡ್ಕೊಟ್ರೆ ದೂರು ವಾಪಸ್ ತಗೊಳ್ತೀನಿ, ನಿನ್ನ ಗಂಡ ಮನೆಗೆ ಬರ್ತಾನೆ ಅಂದ್ರು. ರಾತ್ರಿಯೆಲ್ಲ ಕೂತು ಮಾಡ್ದೆ. ನಿನ್ನೆ ಬೆಳಿಗ್ಗೆ ಬಂದು ಕೊಂಡುಹೋದ್ರು.”

ಗೋಪಾಲಪ್ಪ ಕಡತ ತೆರೆದು ಮಂಜುನಾಥಪ್ಪನ ಹೇಳಿಕೆಯ ಮೇಲೆ ಬೆರಳಿಟ್ಟ.

“ಹೊಸ ಕೀಲು ತೀರ್ಥಹಳ್ಳಿ ವರ್ಕ್‌ಶಾಪಿಂದ ತರ್ಸಿದ್ದು ಅಂತ ಬರ್ಕೊಟ್ಟಿದೀರಿ,” ಎಂದ ಗೋಪಾಲಪ್ಪ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

“ಅವ್ರು ಎಂಟು ದಿನ ಬೇಕು ಅಂದ್ರು.” ಮಂಜುನಾಥಪ್ಪ ನೆಲ ನೋಡುತ್ತಿದ್ದ. “ಎಂಟು ದಿನ ದೋಣಿ ನಿಲ್ಸಿದ್ರೆ ಗುತ್ತಿಗೆ ಹೋಗ್ತದೆ. ಇವಳ ಕೈ ಕೆಲ್ಸ ಚಲೋ ಇತ್ತು, ಹೊಡ್ದು ನೋಡ್ದೆ, ಕಚ್ಚು ಬೀಳ್ಲಿಲ್ಲ. ಮೊದಲನೇದಕ್ಕೆ ಹದ ಸಾಕಾಗಿರ್ಲಿಲ್ಲ, ಅದಕ್ಕೇ ಮುರೀತು ಅಂತ ಅಂದ್ಕೊಂಡೆ. ಈ ಸಲ ಇನ್ನೂ ಗಟ್ಟಿ ಮಾಡು ಅಂದಿದ್ದೆ.”

ಹೂವಯ್ಯ ಕಂಬಿಯ ಮಧ್ಯದಿಂದ ಹೆಂಡತಿಯನ್ನು ನೋಡಿದ. ಬೈಗುಳವನ್ನು ನಿರೀಕ್ಷಿಸಿ ಅವಳು ತಲೆ ತಗ್ಗಿಸಿದ್ದಳು. ಅವನು ಕೇಳಿದ್ದು ಕೆಲಸದ ಮಾತು.

“ನೀರಿಗೆ ಅದ್ದಿದ ಮೇಲೆ ಮತ್ತೆ ಕಾಯ್ಸಿ ಬಿಗಿ ಇಳ್ಸಿದ್ಯಾ?”

“ಮೊದ್ಲಿನದಕ್ಕೆ ಇಳ್ಸಿದ್ದೆ. ಇದಕ್ಕೆ ಬೇಡ ಅಂದ್ರು.”

“ಬಿಗಿಯನ್ನೇ ಇಳ್ಸಿಲ್ಲ,” ಎಂದ ಹೂವಯ್ಯ, ಯಾರಿಗೂ ಅಲ್ಲ. ಅವನ ಮುಖದಲ್ಲಿ ರಕ್ತ ಇರಲಿಲ್ಲ. “ಇಳ್ಸಿದ್ದೇ ಹದಿನೈದು ದಿನಕ್ಕೆ ಹೋಯ್ತು. ಇದು ಗಾಜು.”

ಗೋಪಾಲಪ್ಪ ಗಡಿಯಾರ ನೋಡಿದ. ಮೂರಕ್ಕೆ ಐದು ನಿಮಿಷ ಬಾಕಿ. “ಬಸ್ಸು ದಾಟೋದು ಎಷ್ಟೊತ್ತಿಗೆ?”

ಮಂಜುನಾಥಪ್ಪ ಗಡಿಯಾರದತ್ತ ತಿರುಗಿದ. “ಮೂರೂ ಕಾಲಿಗೆ. ಇವತ್ತು ಶುಕ್ರವಾರ. ಸಾಗರಕ್ಕೆ ಹೋಗೋರೆಲ್ಲ ಅದ್ರಲ್ಲೇ ಇರ್ತಾರೆ.”

ಕಡವಿಗೆ ಏಳು ಮೈಲಿ. ಅಲ್ಲಿ ಟೆಲಿಫೋನು ಇಲ್ಲ.

ಮುಂದಿನ ಅರೆಗಳಿಗೆಯಲ್ಲಿ ಗೋಪಾಲಪ್ಪ ಮಾಡಿದ್ದು ಯಾವ ರೂಲು ಪುಸ್ತಕದಲ್ಲೂ ಇಲ್ಲ. ಅವನು ಮೇಜಿನ ಖಾನೆಯಿಂದ ಬೀಗದ ಕೈ ತೆಗೆದು ಲಾಕಪ್ಪಿನ ಬಾಗಿಲಿಗೆ ಹೋದ.

“ದಫೇದಾರ್ರೇ,” ಮುಕುಂದಯ್ಯ ಅಡ್ಡ ಬಂದ. “ಸಾಹೇಬ್ರು ಇಲ್ದಾಗ ಆರೋಪಿನ ಹೊರಗೆ ತೆಗ್ದ್ರೆ ನಿಮ್ಮ ಪಟ್ಟಿ ಕಿತ್ತು ಮನೆಗೆ ಕಳಿಸ್ತಾರೆ.”

“ಆ ಕೀಲು ಬಿಚ್ಚೋದು ನಂಗೆ ಬರ್ತದಾ? ನಿಂಗೆ ಬರ್ತದಾ?”

ಮುಕುಂದಯ್ಯ ಪಕ್ಕಕ್ಕೆ ಸರಿದ. ಬೀಗ ತೆರೆಯಿತು. ಗೋಪಾಲಪ್ಪ ಬಾಗಿಲನ್ನು ಪೂರ್ತಿ ತಳ್ಳಿದ. ಹದಿಮೂರು ವರ್ಷದ ನೌಕರಿ, ಮೂರು ಮಕ್ಕಳು, ಎಲ್ಲವೂ ಅವನ ತಲೆಯಲ್ಲಿ ಒಮ್ಮೆ ಸುಳಿದು ಹೋದವು. ಅವನಿಗೆ ಭಯವಾಗಿತ್ತು, ಅದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೂವಯ್ಯ ಹೊರಬಂದವನೇ ಮೇಜಿನ ಮೇಲಿದ್ದ ಬಾಗಿದ ಕೀಲನ್ನೂ ಕೊಡತಿಯನ್ನೂ ಎತ್ತಿಕೊಂಡ. “ಇದೊಂದಾದ್ರೂ ಇರ್ಲಿ. ಡೊಂಕಾದ್ರೂ ಹಿಡ್ಕೊಳ್ತದೆ.” ಹೆಂಡತಿಯ ಪಕ್ಕ ಹಾಯುವಾಗ ಅವಳ ಸುಟ್ಟ ಕೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟ. “ಹೆದರ್ಬೇಡ ಮಾರಾಯ್ತಿ.” ಹೇಳಿದವನೇ ಹೆದರಿದ್ದ.

ಮಂಜುನಾಥಪ್ಪನ ಜೀಪನ್ನು ಮಂಜುನಾಥಪ್ಪನೇ ಓಡಿಸಿದ. ಜೀವಮಾನದಲ್ಲಿ ಅವನು ಅಷ್ಟು ವೇಗವಾಗಿ ಓಡಿಸಿರಲಿಲ್ಲ. ಗುಂಡಿಗಳಲ್ಲಿ ಮೂವರೂ ಎಗರಿ ಬೀಳುತ್ತಿದ್ದರು. ಕೆಂಪು ಧೂಳು ಹಿಂದೆ ಗೋಡೆಯಾಗಿ ಏಳುತ್ತಿತ್ತು.

“ಹೊರಟಿರ್ಲಿಕ್ಕಿಲ್ಲ,” ಎಂದ ಗೋಪಾಲಪ್ಪ. “ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಬರಲ್ಲ.”

“ಹೊರಟಿದ್ರೆ?” ಎಂದ ಹೂವಯ್ಯ.

“ಕೂಗಿ ನಿಲ್ಸೋದು.”

“ಬೇಡ.” ಹೂವಯ್ಯ ಅವನ ತೋಳನ್ನು ಹಿಡಿದುಕೊಂಡ. “ಸರಿಯಾಗಿ ಕೇಳು. ಹೊರಟಿದ್ರೆ ಯಾರೂ ತುಟಿ ಬಿಚ್ಬಾರ್ದು. ಮೆಲ್ಲಗೆ ಎಳೀತಾ ಹೋದ್ರೆ ಆ ಕೀಲು ದಡ ಮುಟ್ಸಿದ್ರೂ ಮುಟ್ಸೀತು. ಗಾಜಿನ ಮೇಲೆ ಭಾರ ಇಟ್ರೆ ತಡೀತದೆ. ಕುಟ್ಟಿದ್ರೆ ತಡ್ಯಲ್ಲ. ಇದೂ ಹಾಗೆ, ಮುರ್ಯೋದು ಜಗ್ಗಿದಾಗ. ನಡುಹೊಳೆಲಿ ದೋಣಿ ತಟ್ಟನೆ ನಿಲ್ಸಿದ್ರೆ ಸೆಳವೆಲ್ಲ ಒಂದೇ ಏಟಿಗೆ ಕೀಲಿನ ಮೇಲೆ ಬೀಳ್ತದೆ. ಬೆಳ್ಳಪ್ಪಂಗೂ ಅದೇ ಆದದ್ದು.”

“ಬೆಳ್ಳಪ್ಪ ನಡುಹೊಳೆಲಿ ಯಾಕೆ ನಿಲ್ಸಿದ್ದ?”

ಮಂಜುನಾಥಪ್ಪ ಸ್ಟೇರಿಂಗಿನ ಮೇಲೆ ಇನ್ನಷ್ಟು ಬಗ್ಗಿದ. ಅವನ ಕತ್ತಿನ ಹಿಂಭಾಗ ಬೆವರಿನಿಂದ ಹೊಳೆಯುತ್ತಿತ್ತು. ಗೋಪಾಲಪ್ಪ ಆ ಬೆವರನ್ನು ನೋಡುತ್ತ ಕೂತ. ಇವನ ಹೊಟ್ಟೆಯಲ್ಲಿ ಇನ್ನೂ ಏನೋ ಉಳಿದಿದೆ ಎನ್ನಿಸಿತು.

ಕೊನೆಯ ತಿರುವು ದಾಟಿದಾಗ ಹೊಳೆ ಕಂಡಿತು. ಬಸ್ಸು ಹೊತ್ತ ಜೋಡಿದೋಣಿ ಸರಿಯಾಗಿ ನಡುವೆ ಇತ್ತು.

ಬಸ್ಸಿನ ಕಿಟಕಿಗಳ ತುಂಬ ತಲೆಗಳು. ಒಳಗೆ ಜಾಗ ಸಾಲದವರು ಕೆಳಗಿಳಿದು ಹಲಗೆಯ ಮೇಲೆ ನಿಂತಿದ್ದರು. ಒಬ್ಬಳ ಸೊಂಟದಲ್ಲಿ ಕೂಸು. ಆಚೆ ದಡಕ್ಕೆ ಕಟ್ಟಿದ ತೆಂಗಿನ ನಾರಿನ ಹಗ್ಗ ಹಿಡಿದು ನಾಲ್ಕು ಜನ ಹಲಗೆಯ ಮೇಲೆ ನಿಂತು ದೋಣಿ ಎಳೆಯುತ್ತಿದ್ದರು. ಅವರ ಮುಂದಾಳು ಜಯಪ್ಪ, ಬೆಳ್ಳಪ್ಪನ ಜಾಗಕ್ಕೆ ನಿನ್ನೆ ಬಂದವನು. ಉಕ್ಕಿನ ಹಗ್ಗ ಸೆಳವಿಗೆ ಬಾಗಿ ನಿಂತಿತ್ತು. ಎರಡು ರಾಟೆಗಳು ನಿಧಾನವಾಗಿ, ಸದ್ದಿಲ್ಲದೆ ಉರುಳುತ್ತಿದ್ದವು.

“ಇಂಜಿನ್ ಆರ್ಸಿ,” ಎಂದು ಪಿಸುಗುಟ್ಟಿದ ಹೂವಯ್ಯ. “ಯಾರೂ ಇಳೀಬೇಡಿ.”

ಇಂಜಿನ್ ಆರಿತು. ಗೋಪಾಲಪ್ಪ ದೋಣಿಗೂ ಆಚೆ ದಡಕ್ಕೂ ಇದ್ದ ದೂರವನ್ನು ಕಣ್ಣಲ್ಲೇ ಅಳೆದ. ಇನ್ನು ನೂರು ಮಾರು. ಅಷ್ಟು ದಾಟಿದರೆ ಬಸ್ಸಿನ ಜನ ಉಳಿಯುತ್ತಾರೆ, ಕನ್ನಮ್ಮ ಕೊಲೆಗಾತಿ ಆಗುವುದಿಲ್ಲ.

ಆಗ ಮಂಜುನಾಥಪ್ಪ ಒಂದು ವಿಚಿತ್ರ ಕೆಲಸ ಮಾಡಿದ. ಊರೆಲ್ಲ ತನ್ನನ್ನು ನೋಡಲೆಂದು ಆ ಜೀಪು ಕೊಂಡಿದ್ದ ಮನುಷ್ಯ, ಸೀಟಿನ ಕೆಳಗೆ ಕುಸಿದು ತಲೆ ಅಡಗಿಸಿಕೊಂಡ.

“ಏನಾಯ್ತು?” ಎಂದ ಗೋಪಾಲಪ್ಪ.

“ನಾನು ಮಾಡಿದ ರೂಲು ಅದು,” ಕೆಳಗಿನಿಂದ ದನಿ ಬಂತು. ಅಳುವ ದನಿ. “ಈ ಜೀಪು ದಡಕ್ಕೆ ಬಂದ್ರೆ ದೋಣಿ ಎಲ್ಲೇ ಇರ್ಲಿ, ನಿಲ್ಸಿ ತಿರುಗ್ಸಿ ನನ್ನ ಕರ್ಕೊಂಡು ಹೋಗ್ಬೇಕು. ಆವತ್ತು ಬೆಳ್ಳಪ್ಪ ನಿಲ್ಸಿದ್ದೂ ಅದಕ್ಕೇ ದಫೇದಾರ್ರೇ. ಇದೇ ಜಾಗದಲ್ಲಿ ನಾನು ಜೀಪಲ್ಲಿ ಕೂತಿದ್ದೆ.”

ನಡುಹೊಳೆಯಲ್ಲಿ ಜಯಪ್ಪ ತಲೆ ಎತ್ತಿ ದಡದತ್ತ ನೋಡಿದ. ಹಸಿರು ಜೀಪನ್ನು ಕಂಡು ಅವನ ಕೈ ತಾನಾಗಿ ತಲೆಯ ರುಮಾಲಿಗೆ ಹೋಯಿತು. ಧಣಿಗಳಿಗೆ ಒಂದು ನಮಸ್ಕಾರ ಮಾಡಿದ. ಮಿಕ್ಕ ಮೂವರಿಗೆ ಏನೋ ಹೇಳಿ, ಹಗ್ಗದ ತುದಿಯನ್ನು ಎತ್ತಿಕೊಂಡು, ದೋಣಿಯನ್ನು ಬಿಗಿದು ನಿಲ್ಲಿಸಲು ಹಲಗೆಯ ಮೇಲಿದ್ದ ಕಂಬದ ಕಡೆ ಬೇಗಬೇಗ ನಡೆದ.